ವಾರಕ್ಕೆ ಎರಡು ಪೀರಿಯಡ್: ಚಿತ್ರಕಲೆ, ಆಟ, ಸಂಗೀತ, ಸನ್ನೆ ಭಾಷೆ – ನಿಮ್ಮ ಶಾಲೆಗೆ ಯಾವುದು?

ಜೂನ್ ಬಂತಂದ್ರೆ ನಮ್ಮ ಕಡೆ ಊರಿನ ಶಾಲೆಗಳಲ್ಲಿ ಈ ಮಾತು ಶುರುವಾಗುತ್ತದೆ. ಹಳೆ ವಿದ್ಯಾರ್ಥಿಗಳು ಒಂದಿಷ್ಟು ದುಡ್ಡು ಕೂಡಿಸಿರುತ್ತಾರೆ. ಇಲ್ಲವೇ ಊರಿನವರೊಬ್ಬರು "ಒಬ್ಬ ಮಾಸ್ತರ ಗೌರವಧನ ವರ್ಷಪೂರ್ತಿ ನಾ ಕೊಡ್ತೀನ್ರಿ" ಅಂತ ಮುಂದೆ ಬಂದಿರುತ್ತಾರೆ. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆ ಸೇರುತ್ತದೆ. ಒಬ್ಬರು ಸಂಗೀತ ಅಂತಾರೆ, ಇನ್ನೊಬ್ಬರು ಕಬಡ್ಡಿ ಕೋಚ್ ಬೇಕು ಅಂತಾರೆ, ಮತ್ತೊಬ್ಬರು ಡ್ರಾಯಿಂಗ್ ಅಂತಾರೆ. ಕೊನೆಗೆ ದನಿ ಜೋರಿದ್ದವರ ಮಾತೇ ನಡೆಯುತ್ತದೆ.

ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 22 ವರ್ಷ ಪಾಠ ಮಾಡಿದವಳು. ಇಂಥ ಸಭೆಗಳಲ್ಲಿ ಬಹಳ ಸಲ ಕೂತಿದ್ದೇನೆ. ಈ ನಾಲ್ಕೂ ವಿಷಯ ಕಲಿಸುವವರ ಜೊತೆ ಕೆಲಸ ಮಾಡಿದ್ದೇನೆ. ನಾಲ್ಕೂ ಒಳ್ಳೆಯವೇ. ಆದರೆ ನಾಲ್ಕೂ ಒಂದೇ ಥರದವಲ್ಲ. ಒಂದಕ್ಕೆ ಬಯಲು ಬೇಕು, ಒಂದಕ್ಕೆ ಕೋಣೆ ಬೇಕು. ಒಂದರಲ್ಲಿ ಮಗು ತಿಂಗಳು ಶಾಲೆ ತಪ್ಪಿಸಿದರೂ ನಡೆಯುತ್ತದೆ, ಇನ್ನೊಂದರಲ್ಲಿ ನಡೆಯುವುದಿಲ್ಲ. ಎಲ್ಲದಕ್ಕಿಂತ ಜಾಸ್ತಿ, ಹಿಂದಿನ ಸಾಲಿನಲ್ಲಿ ಮಾತೇ ಆಡದೆ ಕೂರುವ ಮಗು ಇರುತ್ತದಲ್ಲ, ಅದನ್ನು ಒಂದೊಂದು ವಿಷಯ ಒಂದೊಂದು ರೀತಿ ಮುಟ್ಟುತ್ತದೆ. ನಾನು ಅಳೆಯುವುದು ಅದರಿಂದಲೇ.

ಮೊದಲು ಕೈಯಲ್ಲಿ ಎಷ್ಟಿದೆ ನೋಡಿಕೊಳ್ಳಿ

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಒಂದು ಮಾತಿದೆ. 6ರಿಂದ 8ನೇ ತರಗತಿವರೆಗೆ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೆ ಅರೆಕಾಲಿಕ ಬೋಧಕರು ಇರಬೇಕು. ನಿಮ್ಮ ಶಾಲೆ ಆ ಲೆಕ್ಕಕ್ಕೆ ಬರುತ್ತದಾ ಅಂತ ಮೊದಲು ಹೆಡ್‌ಮಾಸ್ತರನ್ನು ಕೇಳಿ. ಬರುವುದಾದರೆ ನಿಮ್ಮ ದುಡ್ಡು ಖರ್ಚು ಮಾಡುವ ಮುಂಚೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ನಮ್ಮ ಕಡೆಯ ಬಹಳಷ್ಟು ಹಳ್ಳಿ ಶಾಲೆಗಳು ಆ 100ರ ಗೆರೆ ಮುಟ್ಟುವುದೇ ಇಲ್ಲ. ಅಂಥ ಶಾಲೆಗಳಿಗೇ ಈ ಬರಹ.

ಇನ್ನು ಸಮಯ. ಅದೇ ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. ಪರೀಕ್ಷೆ, ಜಯಂತಿ, ಜಾತ್ರೆ, ಕ್ರೀಡಾಕೂಟದ ವಾರಗಳನ್ನು ಬಿಟ್ಟರೆ ಇಂಥ ವಿಷಯಕ್ಕೆ ಸಿಗುವುದು 30 ವಾರ ಅಂತ ಹಿಡಿಯೋಣ. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ಒಟ್ಟು 40 ಗಂಟೆ. ಒಂದು ವರ್ಷಕ್ಕೆ ಒಂದು ಮಗುವಿಗೆ ನೀವು ಕೊಡಬಹುದಾದದ್ದು ಇಷ್ಟೇ.

ಇನ್ನೊಂದು ಲೆಕ್ಕ ಇದೆ. ಏಳು ತರಗತಿ, ಒಂದೊಂದಕ್ಕೆ ಎರಡು ಪೀರಿಯಡ್ ಅಂದರೆ 14. ದಿನಕ್ಕೆ ಏಳು ಪೀರಿಯಡ್ ಅಂತಿಟ್ಟುಕೊಂಡರೆ ಆ ಮಾಸ್ತರು ವಾರದಲ್ಲಿ ಎರಡು ಪೂರ್ತಿ ದಿನ ಬರಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಎರಡೋ ಮೂರೋ ತರಗತಿ ಆರಿಸಿಕೊಳ್ಳಿ. ಆದರೆ ಆ ತರಗತಿಗಳಿಗೆ ಪೂರ್ತಿ 40 ಗಂಟೆ ಸಿಗಲಿ. ಎಲ್ಲರಿಗೂ ಚೂರು ಚೂರು ಹಂಚಲು ಹೋಗಿ ಯಾರಿಗೂ ಏನೂ ಹತ್ತದಂತೆ ಆಗಿದ್ದನ್ನು ನಾನು ಎರಡು ಶಾಲೆಗಳಲ್ಲಿ ನೋಡಿದೆ. ಒಂದೇ ಕ್ಲಸ್ಟರಿನ ಎರಡು ಮೂರು ಶಾಲೆಗಳು ಸೇರಿ ಒಬ್ಬರನ್ನೇ ಗೊತ್ತು ಮಾಡಿಕೊಂಡರೆ ಬರುವವರಿಗೂ ಕೈ ತುಂಬ ಕೆಲಸ, ಶಾಲೆಗಳಿಗೂ ಭಾರ ಕಡಿಮೆ. ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರು ಮನಸ್ಸು ಮಾಡಿದರೆ ಇದನ್ನು ಕೂಡಿಸಿ ಕೊಡಬಲ್ಲರು.

ಆಟ: ಇದನ್ನು ಈ ಪಟ್ಟಿಯಲ್ಲಿ ಇಡಲೇಬೇಡಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆಟವೋ ಸಂಗೀತವೋ ಅಂತ ಕೇಳುವುದೇ ತಪ್ಪು. ಊಟವೋ ಹಾಡೋ ಅಂತ ಕೇಳಿದಂತೆ ಅದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಎರಡು ಪೀರಿಯಡ್ಡಿನಿಂದ ಅದು ಆಗುವುದಿಲ್ಲ. ಆಟ ದಿನಾ ಇರಬೇಕು, ಎಲ್ಲರಿಗೂ ಇರಬೇಕು, ಅದಕ್ಕೆ ಹೊರಗಿನವರು ಬರಲಿ ಅಂತ ಕಾಯಬಾರದು. ಶನಿವಾರ ಬೆಳಗಿನ ಕವಾಯತು ಮಾಡಿಸುವ ಮಾಸ್ತರು ಅಕ್ಕೋರುಗಳೇ ಇದನ್ನೂ ನಡೆಸಬಹುದು.

ಖೋ-ಖೋ ನೋಡಿ. 27 ಮೀಟರ್ ಉದ್ದ, 16 ಮೀಟರ್ ಅಗಲದ ಬಯಲು, ಎರಡು ಕಂಬ, ಒಂದು ಬುಟ್ಟಿ ಸುಣ್ಣದ ಪುಡಿ. ಮುಗಿಯಿತು. ಎಂಟು ಮಕ್ಕಳು ಕೂರುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. 'ಖೋ' ಬಿದ್ದ ಕೂಡಲೇ ಕೂತವರು ಎದ್ದು ಓಡಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಈ ಆಟದ ಮೊದಲ ವಿಶ್ವಕಪ್ ನಡೆಯಿತು. ನಮ್ಮ ಪುರುಷರ ತಂಡ, ಮಹಿಳೆಯರ ತಂಡ ಎರಡೂ ಗೆದ್ದವು. ಆ ವಾರ ನಮ್ಮ ಆರನೇ ತರಗತಿಯ ಹುಡುಗಿಯರಿಗೆ ಮೊಬೈಲಿನಲ್ಲಿ ಒಂದು ಪಂದ್ಯ ತೋರಿಸಿದೆ. ಮರುದಿನ ಕಂಬದ ಹತ್ತಿರ ತಿರುಗುವುದನ್ನು ತಾವೇ ಹತ್ತು ಸಲ ಅಭ್ಯಾಸ ಮಾಡುತ್ತಿದ್ದರು.

ಆಟಕ್ಕೇ ದುಡ್ಡು ಹಾಕಬೇಕು ಅಂತ ಊರು ತೀರ್ಮಾನ ಮಾಡಿದರೆ ಒಂದು ಎಚ್ಚರಿಕೆ. ಕೋಚ್ ಬಂದ ಕೂಡಲೇ ವಲಯ ಮಟ್ಟದ ಕ್ರೀಡಾಕೂಟದ ಮೇಲೆ ಕಣ್ಣು ಬೀಳುತ್ತದೆ. ಚುರುಕಾದ ಹನ್ನೆರಡು ಮಕ್ಕಳು ಬಯಲಿಗೆ ಇಳಿಯುತ್ತಾರೆ, ಉಳಿದವರು ಬೇವಿನ ಮರದ ಕೆಳಗೆ ಕೂತು ಚಪ್ಪಾಳೆ ಹೊಡೆಯುತ್ತಾರೆ. ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ಐದು ಮಕ್ಕಳನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ, ಮುಂದಿನ ಸಾಲಿನವರಲ್ಲ, ಹಿಂದಿನವರು. 40 ನಿಮಿಷದಲ್ಲಿ ಆ ಐವರು ಎಷ್ಟು ಸಲ ಓಡಿದರು, ಎಷ್ಟು ಸಲ ಚೆಂಡು ಮುಟ್ಟಿದರು ಅಂತ ಗೆರೆ ಹಾಕಿ. ಆ ಗೆರೆಗಳನ್ನು ನೋಡಿದರೆ ಕೋಚ್ ಹೇಗೆ ಅಂತ ಗೊತ್ತಾಗುತ್ತದೆ.

ಹುಡುಗಿಯರು ಆರು, ಏಳನೇ ತರಗತಿಗೆ ಬಂದಾಗ ಬಯಲಿನಿಂದ ಒಬ್ಬೊಬ್ಬರೇ ಹಿಂದೆ ಸರಿಯುತ್ತಾರೆ. ಶೌಚಾಲಯಕ್ಕೆ ನೀರಿದೆಯಾ, ಬಾಗಿಲಿಗೆ ಚಿಲಕ ಇದೆಯಾ ಅಂತ ನೋಡಿ. ಅದು ಸರಿಯಿಲ್ಲದೆ ಯಾವ ಕೋಚ್ ಬಂದರೂ ಅವರು ಆಡುವುದಿಲ್ಲ. ಬಿಸಿಲಿನ ಮಾತು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ರಾಯಚೂರು, ಬಳ್ಳಾರಿ ಸುತ್ತ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಫೆಬ್ರವರಿ ಮುಗಿದ ಮೇಲೆ ಆಟದ ಪೀರಿಯಡ್ ಬೆಳಗ್ಗೆಯೇ ಇರಲಿ. ಬಿಸಿಯೂಟ ಆದ ಕೂಡಲೇ ಯಾವ ತಿಂಗಳಲ್ಲೂ ಬೇಡ.

ಚಿತ್ರಕಲೆ

ನಮ್ಮ ಮಕ್ಕಳಿಗೆ "ಬೆಟ್ಟ ಬರೀರಿ" ಅಂದರೆ ಏನು ಬರೆಯುತ್ತಾರೆ ಹೇಳಿ. ಎರಡು ತ್ರಿಕೋನ, ನಡುವೆ ಸೂರ್ಯ, ಕೆಳಗೆ ಒಂದು ನದಿ, ಪಕ್ಕದಲ್ಲಿ ತೆಂಗಿನ ಮರ, ಗುಡಿಸಲು. ನಾನಿದ್ದ ಶಾಲೆಯ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ಗಂಗಾವತಿ, ಆನೆಗೊಂದಿ ಕಡೆಯ ಬೆಟ್ಟ ಎಲ್ಲಿಯ ತ್ರಿಕೋನ? ದುಂಡು ದುಂಡು ಬಂಡೆಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿ ಇಟ್ಟಂತೆ ಇರುತ್ತವೆ. ಮಕ್ಕಳು ಆ ಕಿಟಕಿಗೆ ಬೆನ್ನು ಹಾಕಿ ಕೂತು ತ್ರಿಕೋನ ಬರೆಯುತ್ತಿದ್ದರು. ಯಾಕಂದರೆ ಬೋರ್ಡಿನ ಮೇಲೆ ನಾವು ಹಾಗೇ ಬರೆದು ಕೊಟ್ಟಿದ್ದೆವು.

ಒಬ್ಬ ಡ್ರಾಯಿಂಗ್ ಮಾಸ್ತರು ಬಂದರು. ಮೊದಲ ದಿನವೇ ಬೆಂಚು ತಿರುಗಿಸಿದರು. "ಕಾಣಾಕತ್ತಿದ್ದು ಬರೀರಿ, ಗೊತ್ತಿದ್ದು ಬ್ಯಾಡ" ಅಂದರು. ಮೊದಲ ವಾರ ಹಾಳೆಗಳ ತುಂಬ ಬರೀ ಆಲೂಗಡ್ಡೆಯಂಥ ಗೆರೆಗಳು. ಮೂರನೇ ವಾರಕ್ಕೆ ಒಬ್ಬ ಹುಡುಗ ಎರಡು ಬಂಡೆಯ ನಡುವಿನ ಕತ್ತಲನ್ನು ಇದ್ದಿಲಿನಿಂದ ತುಂಬಿದ. ಹೆಸರು ಕರೆದರೂ ತಲೆ ಎತ್ತದ ಹುಡುಗ ಅವನು. ಬಂಡೆ ಎದ್ದು ಬಂದ ಹಾಗೆ ಕಂಡಿತು. ಆ ಹಾಳೆ ಕೈಯಿಂದ ಕೈಗೆ ಹೋಯಿತು. ಅವತ್ತು ಅವನು ಇಡೀ ತರಗತಿಗೆ ಇದ್ದಿಲು ಹೇಗೆ ಉಜ್ಜಬೇಕು ಅಂತ ತೋರಿಸಿಕೊಟ್ಟ.

ಚಿತ್ರಕಲೆಯ ದೊಡ್ಡ ಗುಣ ಇದೇ. ಬಾಯಿ ಬಿಡದ ಮಗುವಿಗೂ ಹೇಳಲು ದಾರಿ ಸಿಗುತ್ತದೆ. ಯಾರೂ ಔಟಾಗುವುದಿಲ್ಲ. ಎರಡು ವಾರ ಶಾಲೆಗೆ ಬರದಿದ್ದರೂ ಬಂದ ದಿನ ಮತ್ತೆ ಕೂತು ಬರೆಯಬಹುದು. 40 ಗಂಟೆ ಇದಕ್ಕೆ ಸಾಕಷ್ಟಾಯಿತು. ಮಾರ್ಚ್ ಹೊತ್ತಿಗೆ ಮಗು ನೋಡಿ ಬರೆಯುವುದನ್ನು, ಬಣ್ಣ ಬೆರೆಸುವುದನ್ನು, ಮಣ್ಣಿನಲ್ಲಿ ಒಂದು ಆಕಾರ ಮಾಡುವುದನ್ನು ಕಲಿತಿರುತ್ತದೆ. ಮಗುವಿಗೆ ಒಂದು ದೊಡ್ಡ ಡ್ರಾಯಿಂಗ್ ಪುಸ್ತಕ, ಎರಡು ಡಬ್ಬಿ ಕ್ರೆಯಾನ್, ತರಗತಿಗೆ ಒಂದಿಷ್ಟು ಪೋಸ್ಟರ್ ಬಣ್ಣ ಬೇಕು. ಉಳಿದದ್ದು ಊರಲ್ಲೇ ಇದೆ: ಇದ್ದಿಲು, ಕೆಮ್ಮಣ್ಣು, ಸುಣ್ಣ, ಅರಿಶಿನ.

ಕಲಿಸಲು ವಿಷಯಕ್ಕಂತೂ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರು ಜಿಲ್ಲೆಗಳಲ್ಲಿ ಬರವಿಲ್ಲ. ಜೂನ್‌ನಲ್ಲೋ ಜುಲೈನಲ್ಲೋ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮನೆಯಲ್ಲಿ ಎತ್ತು ಮಾಡುವ ಮಗುವಿಗೆ ಶಾಲೆಯಲ್ಲಿ ಅದನ್ನೇ ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಬಹುದು. ಹಿಣಿಲು ಎಲ್ಲಿ ಬರುತ್ತದೆ, ಕೋಡು ಹೇಗೆ ಬಾಗುತ್ತದೆ ಅಂತ. ಆಷಾಢಕ್ಕೆ ಮಣ್ಣಿನ ಗುಳ್ಳವ್ವ ಇದ್ದಾಳೆ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳವರು ಹಗುರ ಮರ, ಹುಣಸೆ ಬೀಜದ ಅಂಟು ಬಳಸಿ ಬೊಂಬೆ ಮಾಡುತ್ತಾರೆ. ಅವರ ಕೆಲಸಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದಲ್ಲಿ ಸಾವಿರಾರು ವರ್ಷದ ಹಿಂದಿನವರು ಬಂಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳಿವೆ. ತೊಗಲು ಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರು ಕೊಪ್ಪಳ ಜಿಲ್ಲೆಯ ಮೋರನಾಳದವರು. ನಮ್ಮ ಮಗುವಿಗೆ ಇದೆಲ್ಲ ಬಸ್ಸಿನ ದಾರಿ ಅಷ್ಟೇ, ಅಲ್ವಾ?

ಬೋರ್ಡಿನಲ್ಲಿ ಒಂದು ಚಿತ್ರ ಬರೆದು "ನೋಡಿ ಹಾಕಿಕೊಳ್ಳಿ" ಅನ್ನುವವರಾದರೆ ಬೇಡ. 30 ಮಕ್ಕಳ ಪುಸ್ತಕ ತೆರೆದು ನೋಡಿ. ಮೂವತ್ತರಲ್ಲೂ ಒಂದೇ ಚಿತ್ರ ಇದ್ದರೆ ಅದು ಒಬ್ಬರ ಚಿತ್ರದ 30 ಪ್ರತಿ.

ಸಂಗೀತ

ಇದಕ್ಕೆ ಸಾಮಾನು ಬೇಕಿಲ್ಲ ಅನ್ನುವುದು ನಿಜ. ಗಂಟಲು ಎಲ್ಲರಿಗೂ ಇದೆ. ಹಾರ್ಮೋನಿಯಂ, ಡೋಲಕ್ ಬೇಕಾದರೆ ಊರಿನ ಭಜನಾ ಮಂಡಳಿಯವರು ಇಲ್ಲ ಅನ್ನುವುದಿಲ್ಲ. ಸಂಗೀತ 1ರಿಂದ 5ನೇ ತರಗತಿಯವರಿಗೆ ಹೆಚ್ಚು ಹೊಂದುತ್ತದೆ ಅಂತ ನನ್ನ ಅನುಭವ. ನಲಿ-ಕಲಿಯಲ್ಲಿ ಹಾಡಿಕೊಂಡೇ ಕಲಿತ ಮಕ್ಕಳು ಅವರು, ಸಂಕೋಚ ಇನ್ನೂ ಬಂದಿರುವುದಿಲ್ಲ. ಏಳನೇ ತರಗತಿಯ ಹುಡುಗರಿಗೆ ದನಿ ಒಡೆಯುವ ಕಾಲ. ಆಗ ಶುರು ಮಾಡಿದರೆ ಬಾಯಿ ಬಿಡಿಸುವುದಕ್ಕೇ ಅರ್ಧ ವರ್ಷ ಬೇಕು.

ನನ್ನ ಎರಡನೇ ಶಾಲೆಗೆ ಬರುತ್ತಿದ್ದ ಸಂಗೀತ ಮಾಸ್ತರಿಗೆ ಕಣ್ಣು ಕಾಣುತ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ನಮ್ಮ ಕಡೆ ಅಲ್ಲಿ ಕಲಿತು ಬಂದ ಸಂಗೀತ ಮಾಸ್ತರು ಬಹಳ ಜನ ಇದ್ದಾರೆ. ಮೂರೇ ವಾರದಲ್ಲಿ ಅವರು ನಾಲ್ಕನೇ ತರಗತಿಯ ಎಲ್ಲ ಮಕ್ಕಳನ್ನೂ ದನಿಯಿಂದ ಗುರುತಿಸಲು ಕಲಿತರು. ಒಂದು ದಿನ ಎಲ್ಲರೂ ಜೋರಾಗಿ ಹಾಡುತ್ತಿದ್ದಾಗ ಹಾರ್ಮೋನಿಯಂ ನಿಲ್ಲಿಸಿದರು. "ಎಡಗಡೆ ಕಡೀ ಸಾಲಿನಾಗ ಒಬ್ಬಾಕಿ ದನಿ ಬರವಲ್ದು" ಅಂದರು. ನಾನು ತಿರುಗಿ ನೋಡಿದೆ. ಒಬ್ಬ ಹುಡುಗಿ ಸುಮ್ಮನೆ ತುಟಿ ಆಡಿಸುತ್ತಿದ್ದಳು. ಎರಡು ಕಣ್ಣಿದ್ದ ನಾನು ಅದನ್ನು ಕಂಡಿರಲಿಲ್ಲ. ಅವರು ಅವಳನ್ನು ಬೈಯಲಿಲ್ಲ. ಹತ್ತಿರ ಕೂರಿಸಿಕೊಂಡು, ಅವಳ ದನಿಗೆ ತಕ್ಕ ಸ್ವರ ಹುಡುಕಿ, ಆ ಹಾಡನ್ನೇ ಅಲ್ಲಿಗೆ ತಂದರು.

ಇದು ಮುಖ್ಯವಾದ ಸಂಗತಿ. ದೊಡ್ಡವರ ದನಿಗೆ ಹಿಡಿದ ಶ್ರುತಿಯಲ್ಲಿ ಮಕ್ಕಳನ್ನು ಹಾಡಿಸಿದರೆ ಒಂದೋ ಗೊಣಗುತ್ತಾರೆ, ಇಲ್ಲ ಕಿರುಚುತ್ತಾರೆ. ಭಜನೆಯಲ್ಲಿ ಚೆನ್ನಾಗಿ ಹಾಡುವವರೆಲ್ಲ ಮಕ್ಕಳಿಗೆ ಕಲಿಸಬಲ್ಲರು ಅಂತ ಅಲ್ಲ. ಕರೆದ ದಿನ ಕೇಳಿ: ಮಕ್ಕಳ ದನಿಗೆ ಶ್ರುತಿ ಬದಲಿಸುತ್ತಾರಾ? ಎಲ್ಲರ ದನಿಯೂ ಕೇಳುತ್ತಾರಾ, ಅಥವಾ ಪ್ರತಿಭಾ ಕಾರಂಜಿ ಸ್ಪರ್ಧೆಗೆ ಹೋಗುವ ಇಬ್ಬರನ್ನು ಮಾತ್ರ ಎದುರು ಕೂರಿಸಿಕೊಳ್ಳುತ್ತಾರಾ?

ಹಾಡುಗಳೂ ಊರಲ್ಲೇ ಇವೆ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ರಾಯಚೂರು ಸೀಮೆಯವರೇ. ಮೊಹರಂ ಬಂದರೆ ರಿವಾಯತ್ ಪದ, ಅಲಾಯಿ ಕುಣಿತದ ಹೆಜ್ಜೆ. ಅಜ್ಜಿಯರ ಬಾಯಲ್ಲಿ ಬೀಸುವ ಪದ, ಸೋಬಾನೆ. ಎಲ್ಲ ಮನೆಯ ಮಕ್ಕಳಿಗೂ ತಮ್ಮ ಮನೆಯ ಹಾಡು ತರಗತಿಯಲ್ಲಿ ಕೇಳುವಂತೆ ಇರಲಿ. ಬಳ್ಳಾರಿ ಹತ್ತಿರದ ಕಪ್ಪಗಲ್ಲು ಗುಡ್ಡದಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ. ಅಲ್ಲೇ ನವಶಿಲಾಯುಗದ ಜನ ಕೊರೆದ ಚಿತ್ರಗಳೂ ಇವೆ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂಗತಿ ಇನ್ನೊಂದಿಲ್ಲ.

ಸಂಗೀತದ ಒಂದು ಕಷ್ಟ ಅಂದರೆ ಅದು ದಿನದಿಂದ ದಿನಕ್ಕೆ ಕಟ್ಟಿಕೊಂಡು ಬರುವ ವಿದ್ಯೆ. ನಡುವೆ ಬಿಟ್ಟರೆ ಬಿಟ್ಟೇ ಹೋಗುತ್ತದೆ. ನಮ್ಮಲ್ಲಿ ದೀಪಾವಳಿ ಆದ ಮೇಲೆ ಎಷ್ಟೋ ಮನೆಯವರು ಕೆಲಸ ಹುಡುಕಿ ಬೇರೆ ಊರಿಗೆ ಗುಳೆ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ಅಂಥ ಮಕ್ಕಳು ಜಾಸ್ತಿ ಇರುವ ಶಾಲೆಯಾದರೆ ನಾನು ಚಿತ್ರಕಲೆಯ ಕಡೆಗೇ ವಾಲುತ್ತೇನೆ. ಸಂಗೀತವೇ ಆಗಬೇಕು ಅಂದರೆ ಹೊಸ ಹಾಡು, ಹೊಸ ಪಾಠವನ್ನು ಜೂನ್‌ನಿಂದ ಅಕ್ಟೋಬರ್ ಒಳಗೇ ಹೆಚ್ಚು ಮುಗಿಸಲು ಹೇಳಿ.

ಸನ್ನೆ ಭಾಷೆ: ಸಭೆಯಲ್ಲಿ ಯಾರೂ ಎತ್ತದ ಹೆಸರು

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ.

ಮೂರನೇ ತರಗತಿಗೆ ಒಬ್ಬ ಹುಡುಗಿ ಬಂದಳು. ಕರೆದರೆ ಒಮ್ಮೊಮ್ಮೆ ತಿರುಗುತ್ತಿದ್ದಳು, ಒಮ್ಮೊಮ್ಮೆ ಇಲ್ಲ. ಉಕ್ತಲೇಖನ ಕೊಟ್ಟರೆ ಏನೇನೋ ಬರೆಯುತ್ತಿದ್ದಳು. 'ಮರ' ಅಂದರೆ 'ಬರ' ಅಂತ ಬರೆದಿರುತ್ತಿದ್ದಳು. ಕಲಿಕೆಯಲ್ಲಿ ಹಿಂದೆ ಅಂತ ನಾನೇ ಪುಸ್ತಕದಲ್ಲಿ ಬರೆದೆ. ಒಂದು ವರ್ಷ ಪೂರ್ತಿ ಹಾಗೇ ಹೋಯಿತು. ಮುಂದಿನ ವರ್ಷ ಅವಳ ಅವ್ವ ಬಂದು "ಅಕ್ಕೋರ, ನೀವು ಬೋರ್ಡಿಗೆ ಮಾರಿ ಮಾಡಿ ಮಾತಾಡಿದ್ರ ಆಕಿಗೆ ತಿಳಿಯಂಗಿಲ್ರಿ. ತುಟಿ ನೋಡಿ ತಿಳ್ಕೊಂತಾಳ್ರಿ" ಅಂದಾಗ ನನಗೆ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಕನ್ನಡಿ ಮುಂದೆ ನಿಂತು ದನಿ ಮಾಡದೆ 'ಮರ', 'ಬರ', 'ಪರ' ಅಂದು ನೋಡಿ. ತುಟಿ ಮೂರಕ್ಕೂ ಒಂದೇ ರೀತಿ ಆಡುತ್ತದೆ. ಆ ಮಗು ಸರಿಯಾಗಿಯೇ ಬರೆದಿದ್ದಳು. ಅವಳಿಗೆ ಕಂಡದ್ದು ಅದೇ.

ಹಾಗಾಗಿ ನನ್ನ ಮಾತು ಇಷ್ಟು: ನಿಮ್ಮ ಶಾಲೆಯಲ್ಲಿ ಕಿವಿ ಕೇಳದ ಒಂದೇ ಒಂದು ಮಗು ಇದ್ದರೂ ಈ ವರ್ಷ ಬೇರೆ ಯಾವ ವಿಷಯವೂ ಬೇಡ, ಸನ್ನೆ ಭಾಷೆ ತನ್ನಿ. ಆ ಮಗುವಿಗೆ ಮಾತ್ರ ಅಲ್ಲ, ಇಡೀ ತರಗತಿಗೆ. ಮಗುವಿಗೊಬ್ಬಳಿಗೇ ಭಾಷೆ ಕಲಿಸಿದರೆ ಅವಳು ಮಾತಾಡುವುದು ಯಾರ ಜೊತೆ? ಕುರುಡರಿಗೆ, ಕಿವುಡರಿಗೆ ಅವರಿಗೆ ಹೊಂದುವ ಭಾಷೆಯಲ್ಲಿ, ಹೊಂದುವ ರೀತಿಯಲ್ಲಿ ಪಾಠ ಆಗಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ.

"ನಮ್ಮ ಶಾಲೆಯಲ್ಲಿ ಅಂಥ ಮಕ್ಕಳಿಲ್ಲ" ಅನ್ನುವ ಮುಂಚೆ ಒಮ್ಮೆ ನೋಡಿ. ಕಿವಿ ಸೋರುವ ಮಕ್ಕಳು, ಬೆನ್ನ ಹಿಂದಿನಿಂದ ಕರೆದರೆ ತಿರುಗದ ಮಕ್ಕಳು, ಮಾತು ತೊದಲುವ ಮಕ್ಕಳು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಇವರನ್ನು ಮುಂದೆ ಕಳಿಸಿ.

ಸನ್ನೆ ಭಾಷೆ ಅಂದರೆ ಕನ್ನಡವನ್ನೋ ಇಂಗ್ಲಿಷನ್ನೋ ಕೈಯಲ್ಲಿ ತೋರಿಸುವುದಲ್ಲ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ. ಪ್ರಶ್ನೆಯ ಪದ ಕೊನೆಗೆ ಬರುತ್ತದೆ: ನೀನು, ಹೆಸರು, ಏನು. ಕನ್ನಡದ ಮಗುವಿಗೆ ಇದು ಮನೆ ಮಾತಿನಷ್ಟೇ ಸಲೀಸು. ಹುಬ್ಬು, ಕಣ್ಣು, ಮುಖ ಎಲ್ಲವೂ ಮಾತಿನ ಭಾಗ. ಹುಬ್ಬು ಆಡಿಸದೆ ಪ್ರಶ್ನೆ ಕೇಳಿದರೆ ಅದು ಪ್ರಶ್ನೆಯೇ ಆಗುವುದಿಲ್ಲ. ಬೆರಳಿನ ಅಕ್ಷರಗಳಿಗೆ ಎರಡೂ ಕೈ ಬೇಕು. ಅಮೆರಿಕದ ಸನ್ನೆ ಭಾಷೆಯಲ್ಲಿ ಒಂದೇ ಕೈ. ಆದ್ದರಿಂದ ಮೊಬೈಲಿನಲ್ಲಿ ಸಿಕ್ಕ ವಿಡಿಯೋ ನೋಡಿ ಕಲಿಸಲು ಹೋದವರು ಬೇರೆ ದೇಶದ ಭಾಷೆ ಕಲಿಸಿಬಿಡಬಹುದು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯಿತು. 2021ರಲ್ಲಿ ಬಂದ ಅವರ ನಿಘಂಟಿನಲ್ಲಿ 10,000 ಪದಗಳಿವೆ, ವಿಡಿಯೋ ಸಮೇತ. 'ಸೈನ್ ಲರ್ನ್' ಅನ್ನುವ ಅವರ ಆ್ಯಪ್ ಕೂಡ ಇದೆ. ಅದನ್ನೇ ಹಿಡಿಯಿರಿ.

ಕಲಿಸುವವರು ಎಲ್ಲಿ ಸಿಗುತ್ತಾರೆ? ಮೊದಲು ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ) ಹೋಗಿ ಬಿಐಇಆರ್‌ಟಿಯವರನ್ನು ಕೇಳಿ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಅವರು. ಅವರೇ ಕಲಿಸದಿದ್ದರೂ ತಾಲೂಕಿನಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಸ್ವತಃ ಕಿವಿ ಕೇಳದ, ಸನ್ನೆ ಭಾಷೆಯಲ್ಲೇ ಬೆಳೆದ ದೊಡ್ಡವರೊಬ್ಬರು ಸಿಕ್ಕರೆ ಅವರೇ ಸರಿ. ನಮಗೆ ಹಾಗೊಬ್ಬ ತರುಣ ಸಿಕ್ಕ. ಟೇಲರಿಂಗ್ ಮಾಡುತ್ತಿದ್ದ. ಮೊದಲ ದಿನ ಬಂದವನು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಮಕ್ಕಳನ್ನು ಗುಂಡಗೆ ಕೂರಿಸಿದ, ಎಲ್ಲರ ಮುಖ ಎಲ್ಲರಿಗೂ ಕಾಣುವ ಹಾಗೆ. ಆ ಹುಡುಗಿಯ ಎದುರು ಕೂತು ಏನೋ ಕೇಳಿದ. ಅವಳಿಗೆ ಅರ್ಥವಾಗಲಿಲ್ಲ. ಅವಳಿಗೂ ಆ ಭಾಷೆ ಬರುತ್ತಿರಲಿಲ್ಲವಲ್ಲ. ಕಿವಿ ಕೇಳದ ಮಕ್ಕಳಲ್ಲಿ ಹೆಚ್ಚಿನವರ ಅಪ್ಪ-ಅವ್ವನಿಗೆ ಕಿವಿ ಕೇಳುತ್ತದೆ, ಮನೆಯಲ್ಲಿ ಸನ್ನೆ ಭಾಷೆ ಸಿಗುವುದಿಲ್ಲ. ಅವನು ನೀರು, ಊಟ, ಮನೆ, ಅವ್ವ ಅಂತ ಒಂದೊಂದೇ ತೋರಿಸಿದ. ನೀರಿನ ಸನ್ನೆ ಬಂದಾಗ ಅವಳು ತನ್ನ ಮನೆಯಲ್ಲಿ ಮಾಡುವ ಸನ್ನೆ ಮಾಡಿ ತೋರಿಸಿದಳು. ಅವನು ನಕ್ಕು, ಅದನ್ನೂ ಮಾಡಿ, ತನ್ನದನ್ನೂ ಮಾಡಿದ.

ಡಿಸೆಂಬರ್ ಹೊತ್ತಿಗೆ ಮಕ್ಕಳು ಕಿಟಕಿಯ ಆಚೆ ಈಚೆ ನಿಂತು ಮಾತಾಡುತ್ತಿದ್ದರು. ಚಪ್ಪಾಳೆ ಬದಲು ಕೈ ಮೇಲೆತ್ತಿ ಬೆರಳು ಅಲ್ಲಾಡಿಸುತ್ತಿದ್ದರು. ಸನ್ನೆ ಭಾಷೆಯಲ್ಲಿ ಒಬ್ಬೊಬ್ಬರಿಗೂ ಒಂದು ಗುರುತಿನ ಹೆಸರು ಇರುತ್ತದೆ. ನನಗೆ ಹೆಸರು ಇಟ್ಟಿದ್ದು ಆ ಹುಡುಗಿಯೇ: ಎರಡು ಅಂಗೈ ಉಜ್ಜಿ, ಸೀಮೆಸುಣ್ಣದ ಪುಡಿ ಸೆರಗಿಗೆ ಒರೆಸಿಕೊಳ್ಳುವುದು. ನಾನು ದಿನಾ ಹಾಗೆ ಮಾಡುತ್ತೇನೆ ಅಂತ ಅವಳು ತೋರಿಸುವವರೆಗೂ ನನಗೆ ಗೊತ್ತಿರಲಿಲ್ಲ.

40 ಗಂಟೆಯಲ್ಲಿ ಪೂರ್ತಿ ಭಾಷೆ ಬರುವುದಿಲ್ಲ. ಆದರೆ ಬಣ್ಣ, ಲೆಕ್ಕ, ವಾರ, ಊಟ, ನೆಂಟರು, 'ಯಾರು, ಎಲ್ಲಿ, ಯಾಕೆ', ಮತ್ತೆ 'ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳು' ಅನ್ನುವ ಮಾತು, ಇಷ್ಟು ಬರುತ್ತದೆ. ಆ ಕೊನೆಯ ಮಾತು ನಮ್ಮ ತರಗತಿಯಲ್ಲಿ ಕಿವಿ ಕೇಳುವ ಮಕ್ಕಳಿಗೂ ಬಂತು. ಗಣಿತದಲ್ಲಿ ಬಾಯಿ ಬಿಟ್ಟು ಕೇಳಲು ನಾಚುತ್ತಿದ್ದವರು ಕೈಯಲ್ಲಿ ಕೇಳಲು ಶುರು ಮಾಡಿದರು.

ಶಾಲೆಯಲ್ಲಿ ಅಂಥ ಮಗು ಇಲ್ಲ ಅಂತ ಖಚಿತವಾದರೆ ಗೌರವಧನವನ್ನು ಇದಕ್ಕೆ ಹಾಕಬೇಡಿ ಅಂತಲೇ ಹೇಳುತ್ತೇನೆ. ಆಡಿ ನೋಡಲು ಜೊತೆಯವರಿಲ್ಲದ ಭಾಷೆ ನಿಲ್ಲುವುದಿಲ್ಲ. ವಾರಕ್ಕೆ ಹದಿನೈದು ನಿಮಿಷ, ಆ ಆ್ಯಪ್ ಇಟ್ಟುಕೊಂಡು ತರಗತಿಯ ಅಕ್ಕೋರೇ ಕಲಿಸಲಿ. ಸೆಪ್ಟೆಂಬರ್ 23 ಅಂತಾರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಅವತ್ತು ಕಿವಿ ಕೇಳದವರೊಬ್ಬರನ್ನು ಶಾಲೆಗೆ ಕರೆಯಿರಿ. ವಾರ್ಷಿಕೋತ್ಸವದಲ್ಲಿ ಹಾಡಿಗೆ ಕೈ ಆಡಿಸುವುದನ್ನು ಮಾತ್ರ ಸನ್ನೆ ಭಾಷೆ ಅಂತ ಕಲಿಸಬೇಡಿ.

ಒಂದು ಕಡೆ ಇಟ್ಟು ನೋಡಿದರೆ

ಕಿವಿ ಕೇಳದ ಮಗು ಇದ್ದರೆ ಸನ್ನೆ ಭಾಷೆ. ಇಲ್ಲದಿದ್ದರೆ, ದುಡ್ಡು ಸಣ್ಣ ತರಗತಿಗಳಿಗೆ ಅಂತಾದರೆ ಸಂಗೀತ. ಆರು, ಏಳನೇ ತರಗತಿಗೆ ಅಂತಾದರೆ, ಅಥವಾ ಗುಳೆ ಹೋಗುವ ಮನೆಗಳು ಜಾಸ್ತಿ ಇದ್ದರೆ, ಚಿತ್ರಕಲೆ. ಆಟ ದಿನಾ, ಎಲ್ಲರಿಗೂ, ಶಾಲೆಯವರೇ. ಕಾಗದದ ಮೇಲೆ ಇದು ನನ್ನ ಕ್ರಮ.

ಆದರೆ ವಿಷಯಕ್ಕಿಂತ ಬರುವ ಮನುಷ್ಯ ಮುಖ್ಯ. ವಾರಾವಾರ ತಪ್ಪದೆ ಬರುವ ಸಾಧಾರಣ ಡ್ರಾಯಿಂಗ್ ಮಾಸ್ತರು, ತಿಂಗಳಿಗೊಮ್ಮೆ ಬರುವ ದೊಡ್ಡ ಗವಾಯಿಗಿಂತ ಮಕ್ಕಳಿಗೆ ಹೆಚ್ಚು ಕೊಡುತ್ತಾರೆ. ನೀವು ಸಂಗೀತ ಬೇಕು ಅಂದುಕೊಂಡಿದ್ದು, ಊರಲ್ಲಿ ಸಿಕ್ಕಿದ್ದು ಒಳ್ಳೆಯ ಚಿತ್ರಗಾರ ಆದರೆ ಚಿತ್ರಗಾರನನ್ನೇ ಹಿಡಿಯಿರಿ. ಯಾರೇ ಬರಲಿ, ಬಾಗಿಲು ತೆರೆದ ಕೋಣೆಯಲ್ಲೇ ಪಾಠ ಆಗಬೇಕು. ಶಾಲೆಯವರೊಬ್ಬರು ಕಣ್ಣಳತೆಯಲ್ಲಿ ಇರಬೇಕು. ಅವರ ಹಿಂದಿನ ಕೆಲಸದ ಬಗ್ಗೆ ಪೊಲೀಸ್ ಪರಿಶೀಲನೆ ಆಗಿರಬೇಕು. ಪರಿಚಯದವರೇ ಆದರೂ ಇದನ್ನು ಬಿಡಬೇಡಿ.

ಬಳ್ಳಾರಿ, ರಾಯಚೂರಿನಂಥ ಊರುಗಳಲ್ಲಿ ಖಾಸಗಿ ಶಾಲೆ ನೋಡುತ್ತಿರುವ ಅಪ್ಪ-ಅವ್ವಂದಿರಿಗೂ ಇದೇ ಮಾತು. ಬಣ್ಣದ ಹಾಳೆಯಲ್ಲಿ ಹತ್ತು ಚಟುವಟಿಕೆಯ ಹೆಸರಿರುತ್ತದೆ. ಟೈಮ್ ಟೇಬಲ್ ತೋರಿಸಿ ಅಂತ ಕೇಳಿ. ಫೆಬ್ರವರಿಯಲ್ಲಿ ಆ ಪೀರಿಯಡ್ ಗಣಿತಕ್ಕೆ ಹೋಗುತ್ತದಾ ಅಂತ ಕೇಳಿ. ಅಲ್ಲಿ ಓದುವ ಮಗುವನ್ನೇ ಕೇಳಿದರೆ ಇನ್ನೂ ಒಳ್ಳೆಯದು.

ತೀರ್ಮಾನ ಮಾಡುವ ಮುಂಚೆ ಬರುವವರಿಂದ ಎರಡು ಪಾಠ ಮಾಡಿಸಿ, ಅದಕ್ಕೂ ಗೌರವಧನ ಕೊಡಿ. ಎಸ್‌ಡಿಎಂಸಿಯ ಇಬ್ಬರು ಹಿಂದಿನ ಬೆಂಚಿನಲ್ಲಿ ಕೂರಲಿ, ಅವರಲ್ಲಿ ಒಬ್ಬರು ತಾಯಿಯಾಗಿರಲಿ. ಮಾಸ್ತರನ್ನು ನೋಡುವುದು ಬೇಡ. ಅಕ್ಕಪಕ್ಕದ ಬೆಂಚಿನ ಮಕ್ಕಳನ್ನು ನೋಡಲಿ. ಪಾಠ ಮುಗಿದ ಮೇಲೆ ಆ ಮಕ್ಕಳು ಏನು ಮಾಡಿದರು ಅಂತ ಒಂದು ಹಾಳೆಯಲ್ಲಿ ಬರೆದು ಸಭೆಗೆ ತರಲಿ. ಟೈಮ್ ಟೇಬಲ್ ಗೋಡೆಗೆ ಹಚ್ಚುವುದು ಜೂನ್ ಎರಡನೇ ವಾರದಲ್ಲಿ. ಅಷ್ಟರೊಳಗೆ ಇದು ಆಗಿರಬೇಕು.